ಪಿಸ್ತೂಲಿನ ಹಿತ್ತಾಳೆ: ಯಾವುದು ಇಪ್ಪತ್ತು ಸಲ, ಯಾವುದು ಐದೇ ಸಲ?

ಐದಾರು ಖಾಲಿ ತೋಟಾಗಳನ್ನು ಅಂಗೈಯಲ್ಲಿ ಹಾಕಿಕೊಂಡು ಕವಡೆಯಂತೆ ಕುಲುಕಿ ನೋಡಿ. ಎಲ್ಲವೂ ಸರಿಯಾಗಿದ್ದರೆ ಗೆಜ್ಜೆಯ ಹಾಗೆ ಕಿಣಿಕಿಣಿ ಎನ್ನುತ್ತವೆ. ಒಂದರಲ್ಲಿ ಕೂದಲೆಳೆಯ ಬಿರುಕಿದ್ದರೂ ಸಾಕು, ನಡುವೆ ಒಂದು ಒಡಕು ಸದ್ದು ಸೇರಿಕೊಳ್ಳುತ್ತದೆ. ಸಂತೆಯಲ್ಲಿ ಮಡಕೆ ಕೊಳ್ಳುವಾಗ ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಿದ್ದ ನನ್ನ ಅಜ್ಜಿಗೆ ಈ ವಿದ್ಯೆಯನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾನು ಕಲಿತದ್ದು ಅರಿಝೋನಾದ ಒಂದು ಗ್ಯಾರೇಜಿನಲ್ಲಿ, ಅದೂ ಒಂದೆರಡು ಸಾವಿರ ತೋಟಾ ತುಂಬಿದ ಮೇಲೆ.

ಅಮೆರಿಕದಲ್ಲಿ ಸ್ವಂತ ಬಳಕೆಗೆ ತೋಟಾ ಮರುತುಂಬಲು, ಅಂದರೆ ಹಾರಿಸಿದ ತೋಟಾದ ಖಾಲಿ ಹಿತ್ತಾಳೆ ಕೋಶಕ್ಕೆ (ಇದನ್ನೇ ಕೇಸು ಅಥವಾ ಬರೀ ಹಿತ್ತಾಳೆ ಎನ್ನುತ್ತೇವೆ) ಹೊಸ ಮದ್ದು, ಗುಂಡು ಹಾಕಲು, ಕೇಂದ್ರ ಸರ್ಕಾರದ ಪರವಾನಗಿ ಬೇಕಿಲ್ಲ; ತುಂಬಿ ಮಾರುವುದಾದರೆ ಬೇಕು. ಹಾಗಾಗಿ ವಾರಾಂತ್ಯದಲ್ಲಿ ಗುಂಡು ಹಾರಿಸುವ ರೇಂಜಿಗೆ ಹೋಗುವ ಅಭ್ಯಾಸ ಬೆಳೆಸಿಕೊಂಡ ಕನ್ನಡಿಗರು ಕೆಲವರು ಒಂದಲ್ಲ ಒಂದು ದಿನ ತೋಟಾ ತುಂಬುವ ಪ್ರೆಸ್ ಕೊಳ್ಳುತ್ತಾರೆ, ಕೊಂಡ ಮರುವಾರ ಫೋನು ಮಾಡಿ ಕೇಳುವ ಪ್ರಶ್ನೆಯೂ ಒಂದೇ: ಒಂದು ಹಿತ್ತಾಳೆ ಎಷ್ಟು ಸಲ ಬಾಳುತ್ತದೆ? ಊರಿನಲ್ಲಿ ಕುಳಿತು ಓದುತ್ತಿರುವವರು ಮಾತ್ರ ಇದನ್ನು ಪ್ರಯೋಗಕ್ಕೆ ಇಳಿಸಬೇಡಿ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ, ಮನೆಯಲ್ಲಿ ಕೋವಿಗೆ ಪರವಾನಗಿ ಇದೆ ಎಂದ ಮಾತ್ರಕ್ಕೆ ತೋಟಾ ತುಂಬಲು ಪರವಾನಗಿ ಸಿಕ್ಕಂತಲ್ಲ.

ಈಗ ಪ್ರಶ್ನೆಗೆ ಬರೋಣ. ಹತ್ತು, ಇಪ್ಪತ್ತು ಎಂದು ಒಂದೇ ಸಂಖ್ಯೆ ಹೇಳುವವರನ್ನು ನಾನು ನಂಬುವುದಿಲ್ಲ. ಹಿತ್ತಾಳೆಗೆ ಎರಡು ಬಗೆಯ ಮುಪ್ಪು ಬರುತ್ತದೆ. ಒಂದು ಬಾಯಿಯ ಮುಪ್ಪು, ಇನ್ನೊಂದು ಬುಡದ ಮುಪ್ಪು. ಬಾಯಿ ಸೀಳಿದ ಕೇಸು ಸಾಮಾನ್ಯವಾಗಿ ಒಂದು ಗುಂಡನ್ನು ಗುರಿ ತಪ್ಪಿಸುತ್ತದೆ. ಬುಡ ಬಿಟ್ಟ ಕೇಸು ಕೈಯಲ್ಲಿರುವ ಪಿಸ್ತೂಲಿನ ತೋಟಾಪೆಟ್ಟಿಗೆಯನ್ನು, ಅಂದರೆ ಮ್ಯಾಗಜೀನನ್ನು, ಕೆಳಕ್ಕೆ ಒದ್ದು, ಹಿಡಿಯ ಪಕ್ಕದ ಹಲಗೆಗಳನ್ನು ಒಡೆದು, ಬಿಸಿ ಅನಿಲವನ್ನು ಅಂಗೈಗೆ ಉಗುಳುತ್ತದೆ. ಆದ್ದರಿಂದ ನೀವು ತುಂಬುತ್ತಿರುವ ತೋಟಾ ಮೊದಲು ಎಲ್ಲಿ ಸಾಯುತ್ತದೆ ಎಂಬುದು ತಿಳಿದರೆ, ಎಷ್ಟು ಸಲ ಎಂಬುದು ತಾನಾಗಿಯೇ ತಿಳಿಯುತ್ತದೆ.

ಲೋಹ ದಣಿಯುವ ಬಗೆ

ತೋಟಾದ ಹಿತ್ತಾಳೆಯಲ್ಲಿ ಸುಮಾರು 70 ಪಾಲು ತಾಮ್ರ, 30 ಪಾಲು ಸತು. ಗುಂಡು ಹಾರುವ ಕ್ಷಣದಲ್ಲಿ ಅದು ಹಿಗ್ಗಿ ಚೇಂಬರಿನ (ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಗೂಡು) ಗೋಡೆಗೆ ಅಂಟಿಕೊಂಡು ಅನಿಲ ಹಿಂದಕ್ಕೆ ಸೋರದಂತೆ ತಡೆಯುತ್ತದೆ, ಮರುಕ್ಷಣ ತುಸು ಕುಗ್ಗಿ ಸಲೀಸಾಗಿ ಹೊರಬೀಳುತ್ತದೆ. ಅದನ್ನು ನಾವು ಡೈಯಲ್ಲಿ, ಅಂದರೆ ಉಕ್ಕಿನ ಅಚ್ಚಿನಲ್ಲಿ, ಹಿಂಡಿ ಹಳೆಯ ಅಳತೆಗೆ ತರುತ್ತೇವೆ, ಹೊಸ ಗುಂಡು ಕೂರಲೆಂದು ಬಾಯಿಯನ್ನು ಅರಳಿಸುತ್ತೇವೆ, ಕೂರಿಸಿದ ಮೇಲೆ ಮತ್ತೆ ಬಿಗಿಯುತ್ತೇವೆ. ತಂತಿಯನ್ನು ಅತ್ತ ಇತ್ತ ಬಗ್ಗಿಸಿದ ಹಾಗೆಯೇ ಇದು. ಕಂಚುಗಾರರು ಹಿತ್ತಾಳೆ ಬಡಿಯುವಾಗ ನಡುನಡುವೆ ಬೆಂಕಿಗೆ ಹಿಡಿದು ಹದಕ್ಕೆ ತರುವುದು ಏಕೆಂದರೆ, ಬಡಿದಷ್ಟೂ ಅದು ಗಡುಸಾಗುತ್ತದೆ, ಗಡುಸಾದದ್ದು ಸೀಳುತ್ತದೆ. ರೈಫಲ್ ಕೇಸುಗಳ ಕತ್ತನ್ನು ಹೀಗೆ ಕಾಯಿಸಿ ಮೆದುಗೊಳಿಸುವವರು ಬಹಳ ಜನ ಇದ್ದಾರೆ. ಪಿಸ್ತೂಲಿನ ಗಿಡ್ಡ ಕೇಸಿಗೆ ಆ ಉಪಚಾರ ಬೇಡ. ಬಾಯಿಗೆ ಹಿಡಿದ ಬಿಸಿ ಬುಡಕ್ಕೆ ಇಳಿಯಲು ಹೆಚ್ಚು ಹೊತ್ತು ಬೇಕಿಲ್ಲ, ಬುಡ ಮೆತ್ತಗಾದರೆ ಆ ಕೇಸು ಅಪಾಯದ ಸರಕು.

ಬಾಯಿಯ ಮುಪ್ಪನ್ನು ಮುಂದೂಡುವುದು ನಿಮ್ಮ ಕೈಯಲ್ಲೇ ಇದೆ. ಹೊಸಬರು ಗುಂಡು ಸುಲಭವಾಗಿ ಕೂರಲಿ ಎಂದು ಕೇಸಿನ ಬಾಯಿಯನ್ನು ದತ್ತೂರಿ ಹೂವಿನಂತೆ ಅರಳಿಸಿಬಿಡುತ್ತಾರೆ. ಗುಂಡಿನ ತಳ ಬೀಳದೆ ನಿಲ್ಲುವಷ್ಟು ಅರಳಿದರೆ ಸಾಕು, ಕಣ್ಣಿಗೆ ಕಂಡೂ ಕಾಣದಷ್ಟು. ಈ ಒಂದು ತಿದ್ದುಪಡಿಯಿಂದ ನನ್ನ .38 (ರಿವಾಲ್ವರಿನ ಒಂದು ತೋಟಾ) ಕೇಸುಗಳ ಆಯುಸ್ಸು ಎದ್ದು ಕಾಣುವಷ್ಟು ಹೆಚ್ಚಿತು.

ಒತ್ತಡದ ಲೆಕ್ಕ

ಬುಡದ ಮುಪ್ಪು ಒತ್ತಡದಿಂದ ಬರುತ್ತದೆ. ಅಮೆರಿಕದ ತಯಾರಕರ ಮಾನದಂಡ ಸಂಸ್ಥೆ ಸಾಮಿ ನಿಗದಿಪಡಿಸಿದ ಗರಿಷ್ಠ ಒತ್ತಡಗಳನ್ನು ಪಕ್ಕಪಕ್ಕ ಇಟ್ಟು ನೋಡಿ: .38 ಸ್ಪೆಷಲ್ 17,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್), .45 ಎಸಿಪಿ 21,000. 9 ಮಿ.ಮೀ. ಲೂಗರ್, .40 ಎಸ್ ಆ್ಯಂಡ್ ಡಬ್ಲ್ಯು, .357 ಮ್ಯಾಗ್ನಮ್ ಮೂರೂ 35,000. 10 ಮಿ.ಮೀ. ಆಟೊ 37,500. ಅಂದರೆ 9 ಮಿ.ಮೀ. ತೋಟಾ ನೋಡಲು ಎಷ್ಟೇ ಪುಟ್ಟದಾಗಿದ್ದರೂ .38ರ ಎರಡರಷ್ಟು ಒತ್ತಡವನ್ನು ತಡೆದುಕೊಳ್ಳುತ್ತದೆ.

ಮೊದಲ ಎರಡು, .38 ಮತ್ತು .45, ಬಾಯಿಯಿಂದ ಸಾಯುವ ಜಾತಿ. ಹಗುರ ಮದ್ದಿನ .45 ಕೇಸನ್ನು ಇಪ್ಪತ್ತಕ್ಕೂ ಹೆಚ್ಚು ಸಲ ತುಂಬಿದವರು ನನ್ನ ಪರಿಚಯದಲ್ಲೇ ಇದ್ದಾರೆ. ಕೇಸಿನ ತಳದ ಮೇಲೆ ಅಚ್ಚೊತ್ತಿದ ಅಕ್ಷರಗಳು ಸವೆದು ಮಸುಕಾದರೂ ಬುಡ ಗಟ್ಟಿಯಾಗಿಯೇ ಇರುತ್ತದೆ. ಸಾಮಾನ್ಯವಾಗಿ ಇವು ಸವೆದು ಹೋಗುವುದಕ್ಕಿಂತ ಹುಲ್ಲಿನಲ್ಲಿ ಕಳೆದುಹೋಗುವುದೇ ಹೆಚ್ಚು. ದೀರ್ಘ ಬಾಳಿಕೆಯೇ ಮುಖ್ಯ ಎನ್ನುವವರಿಗೆ ನನ್ನ ಆಯ್ಕೆ ಇವೇ. .45ರಲ್ಲಿ ಒಂದು ಕಿರಿಕಿರಿ ಮಾತ್ರ ಇದೆ: ಹಿಂದೆಲ್ಲ ದೊಡ್ಡ ಪ್ರೈಮರಿನ (ತಳದ ಕುಳಿಯಲ್ಲಿ ಕೂತು ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು) ಕೇಸುಗಳೇ ಬರುತ್ತಿದ್ದವು, ಈಗ ಸಣ್ಣ ಪ್ರೈಮರಿನವೂ ಬೆರೆತಿವೆ. ಬೇರ್ಪಡಿಸದೆ ಪ್ರೆಸ್ಸಿಗೆ ಹಾಕಿದರೆ ದೊಡ್ಡ ಪ್ರೈಮರ್ ಸಣ್ಣ ಕುಳಿಯ ಮೇಲೆ ಕೂತು ಜಜ್ಜಿಹೋಗುತ್ತದೆ.

.357 ಮತ್ತು 10 ಮಿ.ಮೀ.ಗಳಲ್ಲಿ ಪೂರ್ತಿ ಬಲದ ಮದ್ದು ತುಂಬುವವರು ಎಣಿಸಲೇಬೇಕು. ನಾನು 50 ಕೇಸುಗಳ ಒಂದೊಂದು ಡಬ್ಬಿಗೆ ಚೀಟಿ ಅಂಟಿಸಿ, ತುಂಬಿದಾಗಲೆಲ್ಲ ಒಂದು ಗೀಟು ಎಳೆಯುತ್ತೇನೆ. ಐದನೆಯ ಗೀಟಿನಿಂದ ಮುಂದೆ ಪ್ರತಿ ಕೇಸಿನ ಪ್ರೈಮರ್ ಕುಳಿಯನ್ನೂ ನೋಡುತ್ತೇನೆ, ಏಕೆಂದರೆ ಇವುಗಳಲ್ಲಿ ಮೊದಲು ಸೋಲುವುದು ಅದೇ. ಪ್ರೈಮರ್ ಕೂರಿಸುವಾಗ ಕೈಗೆ ಬಿಗಿ ತಾಗಬೇಕು. ಬೆಣ್ಣೆಯಲ್ಲಿ ಬೆರಳಿಟ್ಟಂತೆ ಒಳಹೋದರೆ ಆ ಕೇಸು ಮುಗಿಯಿತು. ಈ ಮಾತನ್ನು ಕೇಳಿಯೂ ಕೇಳದಂತೆ ಇದ್ದುದರ ಗುರುತು ನನ್ನ 10 ಮಿ.ಮೀ. ಪಿಸ್ತೂಲಿನಲ್ಲಿ ಇಂದಿಗೂ ಇದೆ: ಕೇಸಿನ ತಳ ಒರಗುವ ಬ್ರೀಚಿನ ಮುಖದ ಮೇಲೆ, ಪ್ರೈಮರಿನ ಅಂಚು ತಾಗುವ ಕಡೆ, ಅನಿಲ ಸೋರಿ ಕೊರೆದ ಬಿದಿಗೆ ಚಂದ್ರನಂಥ ಒಂದು ಕುಳಿ. ಉಜ್ಜಿದರೆ ಹೋಗುವಂಥದ್ದಲ್ಲ.

ರಿವಾಲ್ವರಿಗೆ ಒಂದು ರಿಯಾಯಿತಿ ಇದೆ. ಅದರ ಚೇಂಬರು ಕೇಸನ್ನು ಸುತ್ತಲೂ ತಬ್ಬಿಕೊಂಡಿರುತ್ತದೆ, ಹಾಗಾಗಿ ಕೇಸಿನ ಪಕ್ಕ ಉದ್ದುದ್ದ ಸೀಳಿದರೂ ಹೆಚ್ಚಾಗಿ ಆಗುವುದು ಕೇಸು ಅಂಟಿಕೊಂಡು ಹೊರಬರಲು ಹಟ ಮಾಡುವುದು, ಅಷ್ಟೆ. ಅರೆಸ್ವಯಂಚಾಲಿತ ಪಿಸ್ತೂಲಿನಲ್ಲಿ ಹಾಗಲ್ಲ. ಮ್ಯಾಗಜೀನಿನಿಂದ ತೋಟಾ ಜಾರಿ ಮೇಲೇರಲು ಚೇಂಬರಿನ ಕೆಳಭಾಗವನ್ನು ಸ್ವಲ್ಪ ಕೊರೆದಿರುತ್ತಾರೆ. ಆ ಕೊರೆದ ಜಾಗದಲ್ಲಿ ಹಿತ್ತಾಳೆಗೆ ಹಿಂಬದಿಯ ಆಸರೆ ಇರುವುದಿಲ್ಲ.

.40: ನಾನು ಅನುಮಾನಿಸುವ ಕೇಸು

ಆ ಆಸರೆಯಿಲ್ಲದ ಜಾಗದ ಕಥೆಯೇ .40 ಎಸ್ ಆ್ಯಂಡ್ ಡಬ್ಲ್ಯು. 1990ರಲ್ಲಿ ಬಂದ ಈ ತೋಟಾವನ್ನು ಅಮೆರಿಕದ ಪೊಲೀಸ್ ಇಲಾಖೆಗಳು ಮುಗಿಬಿದ್ದು ತೆಗೆದುಕೊಂಡವು. ಅದರಿಂದಾಗಿ ಬಳಸಿದ .40 ಹಿತ್ತಾಳೆ ಅಗ್ಗದಲ್ಲಿ ಮೂಟೆಗಟ್ಟಲೆ ಸಿಗುತ್ತದೆ. ಆರಂಭದ ಗ್ಲಾಕ್ ಪಿಸ್ತೂಲುಗಳಲ್ಲಿ ಚೇಂಬರಿನ ಆಸರೆ ಕಡಿಮೆ ಇದ್ದುದರಿಂದ ಕೇಸಿನ ಬುಡದ ಒಂದು ಪಕ್ಕ ಉಬ್ಬಿ ಬರುತ್ತಿತ್ತು. ಮರುತುಂಬುವವರ ಬಾಯಲ್ಲಿ ಅದಕ್ಕೆ ಗ್ಲಾಕ್ಡ್ ಬ್ರಾಸ್ ಎಂದೇ ಹೆಸರಾಯಿತು. ಮುಂದಿನ ತಲೆಮಾರಿನ ನಳಿಗೆಗಳಲ್ಲಿ ಆಸರೆ ಸುಧಾರಿಸಿದೆ, ಆದರೆ ಮೂಟೆಯಲ್ಲಿರುವ ಕೇಸು ಯಾವ ಪಿಸ್ತೂಲಿನಿಂದ ಬಂದದ್ದು ಎಂದು ಹೇಳುವವರು ಯಾರು?

ಉಬ್ಬನ್ನು ನೋಡಲು ಕೇಸನ್ನು ಸಮತಟ್ಟಾದ ಗಾಜಿನ ಮೇಲೆ ಮಲಗಿಸಿ ಬೆರಳಿನಿಂದ ಉರುಳಿಸಿ. ಒಳ್ಳೆಯದು ಸರಾಗವಾಗಿ ಉರುಳುತ್ತದೆ, ಉಬ್ಬಿದ್ದು ಒಂದು ಕಡೆ ತೊಡರಿ ಓಲಾಡುತ್ತದೆ. ಉಬ್ಬಿನ ಜೊತೆಗೆ ಬುಡದ ಮೇಲೆ ನಗುವ ತುಟಿಯಂಥ ಅರ್ಧವೃತ್ತದ ಗೆರೆ ಮೂಡಿದ್ದರೆ ಅದನ್ನು ಕೈಯಲ್ಲಿ ಹಿಡಿದು ಯೋಚಿಸುವುದಕ್ಕೂ ಏನೂ ಉಳಿದಿಲ್ಲ. ಸಣ್ಣ ಉಬ್ಬಿಗೆ ಬಲ್ಜ್ ಬಸ್ಟರ್ ಎಂಬ ಉಪಕರಣ ಬರುತ್ತದೆ, ಕೇಸನ್ನು ಡೈಯ ಮೂಲಕ ಪೂರ್ತಿ ಆಚೆಗೆ ತಳ್ಳಿ ನೆಟ್ಟಗೆ ಮಾಡುತ್ತದೆ. ಅದು ಆಕಾರವನ್ನು ಸರಿಪಡಿಸುತ್ತದೆ, ಕಳೆದುಹೋದ ಶಕ್ತಿಯನ್ನು ಮರಳಿ ಕೊಡುವುದಿಲ್ಲ. ಡೊಂಕಾದ ಮೊಳೆಯನ್ನು ಬಡಿದು ನೆಟ್ಟಗೆ ಮಾಡಿ ಮತ್ತೆ ಹೊಡೆದವರಿಗೆ ಇದು ಗೊತ್ತು. ಅಗ್ಗದ .40 ಮೂಟೆಗೂ ನಿಮ್ಮದೇ ಪಿಸ್ತೂಲಿನಲ್ಲಿ ಹಾರಿಸಿದ ನೂರು .40 ಕೇಸುಗಳಿಗೂ ನಡುವೆ ಆರಿಸಬೇಕಾಗಿ ಬಂದರೆ ಕಣ್ಣು ಮುಚ್ಚಿ ಎರಡನೆಯದನ್ನು ಆರಿಸಿ.

9 ಮಿ.ಮೀ.: ಅಗ್ಗ, ಹೇರಳ, ಕಲಬೆರಕೆ

1902ರಷ್ಟು ಹಳೆಯದಾದ ಈ ತೋಟಾ ಇವತ್ತು ಎಲ್ಲ ರೇಂಜುಗಳ ನೆಲವನ್ನೂ ಹಾಸಿಕೊಂಡಿದೆ. ಸಾಮಾನ್ಯ ಬಲದ ಮದ್ದಿನಲ್ಲಿ ಹತ್ತರ ಆಸುಪಾಸು ಸಲ ತುಂಬಬಹುದು ಎಂಬುದು ನನ್ನ ಅನುಭವ, ಆದರೆ ಒಂದೇ ಕೇಸು ಅಷ್ಟು ಸಲ ನಿಮ್ಮ ಕೈಗೆ ಮರಳುವುದು ಅಪರೂಪ. ಇದರ ಉದ್ದವನ್ನು ಕತ್ತರಿಸುವ ಗೋಜೂ ಇಲ್ಲ, ಬಳಸಿದಂತೆ ಇದು ಉದ್ದವಾಗುವ ಬದಲು ತುಸು ಗಿಡ್ಡವಾಗುತ್ತದೆ.

ಇಲ್ಲಿ ವಯಸ್ಸಿಗಿಂತ ಜಾತಕ ಮುಖ್ಯ. ಕೆಲವು 9 ಮಿ.ಮೀ. ಕೇಸುಗಳ ಒಳಗೋಡೆಯಲ್ಲಿ, ಬಾಯಿಯಿಂದ ಅರ್ಧ ಆಳದಲ್ಲಿ, ಒಂದು ಮೆಟ್ಟಿಲು ಇರುತ್ತದೆ. ಮೇಲೆ ಗೋಡೆ ತೆಳು, ಕೆಳಗೆ ದಪ್ಪ. ಆ ಮೆಟ್ಟಿಲಿನ ಬಳಿಯೇ ಕೇಸು ಎರಡು ತುಂಡಾಗುವುದುಂಟು. ಬುಡ ಹೊರಗೆ ಬಂದು ಮೇಲಿನ ಬಳೆ ಚೇಂಬರಿನಲ್ಲೇ ಉಳಿಯುತ್ತದೆ. ಟಾರ್ಚು ಹಿಡಿದು ಒಳಗೆ ನೋಡಿದರೆ ಬಾವಿಯ ಒಳಕಟ್ಟೆಯಂತೆ ಸ್ಪಷ್ಟವಾಗಿ ಕಾಣುತ್ತದೆ. ಹೊಳಪು ಎಷ್ಟಿದ್ದರೂ, ಒಂದೇ ಸಲ ಹಾರಿಸಿದ್ದಾದರೂ, ನಾನು ಇಂಥದ್ದನ್ನು ತುಂಬುವುದಿಲ್ಲ. ಸೇನೆಯ ಕೇಸುಗಳನ್ನು, ಅಂದರೆ ತಳದಲ್ಲಿ ವೃತ್ತದೊಳಗೆ ಕೂಡು ಗುರುತಿನ ನ್ಯಾಟೊ ಚಿಹ್ನೆ ಇರುವುದನ್ನು, ಎಸೆಯಬೇಕಿಲ್ಲ. ಪ್ರೈಮರ್ ಸುತ್ತ ಬಿಗಿದ ಅಂಚನ್ನು ಒಮ್ಮೆ ಸವರಿ ತೆಗೆದರೆ ಅವು ದೀರ್ಘಾಯುಷಿಗಳು. .380 ಕೇಸು 9 ಮಿ.ಮೀ.ಯ ಗಿಡ್ಡ ತಮ್ಮನಂತೆ ಕಾಣುವುದರಿಂದ ರಾಶಿಯಲ್ಲಿ ನುಸುಳಿಕೊಳ್ಳುತ್ತದೆ. ತೊಳೆಯುವ ಡ್ರಮ್ಮಿನಲ್ಲಿ 9 ಮಿ.ಮೀ. .40ರೊಳಗೆ, ಆ .40 .45ರೊಳಗೆ, ಹಬ್ಬದ ನಂತರ ಅಟ್ಟಕ್ಕೆ ಏರಿಸಿದ ಪಾತ್ರೆಗಳಂತೆ ಸೇರಿಕೊಂಡು ಕೂರುತ್ತವೆ. ಮೊದಲು ಜರಡಿ, ಆಮೇಲೆ ತೊಳೆಯುವುದು.

9 ಮಿ.ಮೀ. ಮತ್ತು .40 ತುಂಬುವವರು ಇನ್ನೊಂದು ಪರೀಕ್ಷೆಯನ್ನು ತಪ್ಪಿಸಬಾರದು. ಹಳೆಯ ಹಿತ್ತಾಳೆ ಗಡುಸಾಗಿ, ಹಿಂಡಿದ ಮೇಲೆ ಪುಟಿದು ಮತ್ತೆ ಅಗಲವಾಗುತ್ತದೆ, ಗುಂಡಿನ ಮೇಲಿನ ಅದರ ಹಿಡಿತ ಸಡಿಲುತ್ತದೆ. ಮ್ಯಾಗಜೀನಿನಿಂದ ಚೇಂಬರಿಗೆ ಏರುವಾಗ ಬೀಳುವ ಪೆಟ್ಟಿಗೆ ಗುಂಡು ಒಳಕ್ಕೆ ಕುಸಿದರೆ ಮದ್ದು ಉರಿಯುವ ಜಾಗ ಕಿರಿದಾಗಿ ಒತ್ತಡ ಏಕಾಏಕಿ ಏರುತ್ತದೆ. ಗಿಡ್ಡ ಕೇಸಾದ್ದರಿಂದ ತುಸು ಕುಸಿದರೂ ಪರಿಣಾಮ ದೊಡ್ಡದು. ತುಂಬಿದ ತೋಟಾದ ಒಟ್ಟು ಉದ್ದವನ್ನು ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆಯಿರಿ. ಗುಂಡಿನ ಮೂತಿಯನ್ನು ಮೇಜಿನ ಅಂಚಿಗೆ ಒತ್ತಿ ಹೆಬ್ಬೆರಳ ಬಲದಿಂದ ತಳ್ಳಿ. ಮತ್ತೆ ಅಳೆಯಿರಿ. ಉದ್ದ ಬದಲಾಗಿದ್ದರೆ ಆ ತೋಟಾ ಮಾತ್ರವಲ್ಲ, ಅದೇ ಕಂತಿನಲ್ಲಿ ತುಂಬಿದ್ದೆಲ್ಲವನ್ನೂ ಪಕ್ಕಕ್ಕಿಡಿ.

ಹಳದಿಯೋ ಬೆಳ್ಳಿಯೋ

ನಿಕಲ್ ಲೇಪದ ಕೇಸು ಬೆಳ್ಳಿಯಂತೆ ಮಿನುಗುತ್ತದೆ, ಚರ್ಮದ ಪಟ್ಟಿಯಲ್ಲಿ ತಿಂಗಳುಗಟ್ಟಲೆ ಇಟ್ಟರೂ ಹಸಿರು ಕಿಲುಬು ಹಿಡಿಯುವುದಿಲ್ಲ, ಹುಲ್ಲಿನಲ್ಲಿ ಬೇಗ ಕಣ್ಣಿಗೆ ಬೀಳುತ್ತದೆ. ಆದರೆ ಮರುತುಂಬಲು ಸಾದಾ ಹಿತ್ತಾಳೆಯೇ ಮೇಲು. ಲೇಪವಿದ್ದದ್ದು ಬಾಯಿಯಲ್ಲಿ ಬೇಗ ಸೀಳುತ್ತದೆ, ವಯಸ್ಸಾದಂತೆ ಲೇಪ ಹೊಪ್ಪಳಿಕೆ ಏಳುತ್ತದೆ. ನನ್ನ ಬಳಿ ಇರುವ ನಿಕಲ್ .38ಗಳನ್ನು ಬೇರೆ ಡಬ್ಬಿಯಲ್ಲಿಟ್ಟು, ಹಗುರ ಮದ್ದಿನ ಗುರುತಾಗಿ ಬಳಸುತ್ತೇನೆ. ಅಷ್ಟಕ್ಕೇ ಅವು ಲಾಯಕ್ಕು.

ಉಕ್ಕು ಮತ್ತು ಅಲ್ಯೂಮಿನಿಯಂ ಕೇಸುಗಳ ಬಗ್ಗೆ ಚರ್ಚೆಯೇ ಬೇಡ, ಒಮ್ಮೆ ಹಾರಿಸಿ ಬಿಡಿ. ಕೆಲವದರಲ್ಲಿ ತಳದ ನಡುವೆ ಒಂದರ ಬದಲು ಎರಡು ಪುಟ್ಟ ರಂಧ್ರಗಳಿರುತ್ತವೆ, ಅದು ಬರ್ಡನ್ ಮಾದರಿ. ಪ್ರೈಮರ್ ತೆಗೆಯುವ ಸೂಜಿ ಅಲ್ಲಿ ಮುರಿಯುತ್ತದೆ. (ಬರ್ಡನ್ ಅಮೆರಿಕದವನು, ಅವನ ಮಾದರಿ ಬೇರೂರಿದ್ದು ಯುರೋಪಿನಲ್ಲಿ, ಒಂದೇ ರಂಧ್ರದ ಮಾದರಿಯ ಬಾಕ್ಸರ್ ಇಂಗ್ಲೆಂಡಿನವನು, ಅವನದು ಅಮೆರಿಕದಲ್ಲಿ. ಅಳಿಯಂದಿರು ಅದಲುಬದಲಾದಂತೆ.)

ಹೊಸದು, ನಿಮ್ಮದೇ ಬಳಸಿದ್ದು, ರೇಂಜಿನಲ್ಲಿ ಹೆಕ್ಕಿದ್ದು: ಈ ಮೂರರಲ್ಲಿ ನನ್ನ ಮೆಚ್ಚಿನದು ನಡುವಿನದು. ಕಾರ್ಖಾನೆಯ ತೋಟಾ ಕೊಂಡು, ನಿಮ್ಮ ಪಿಸ್ತೂಲಿನಲ್ಲೇ ಹಾರಿಸಿ, ನೀವೇ ಎತ್ತಿಟ್ಟುಕೊಂಡ ಹಿತ್ತಾಳೆಗೆ ಪೂರ್ತಿ ಚರಿತ್ರೆ ಇದೆ. ಮಿಸೌರಿಯ ಸೆಡಾಲಿಯಾದ ಸ್ಟಾರ್‌ಲೈನ್ ಕಂಪನಿಯಂಥವರಿಂದ ಹೊಸ ಖಾಲಿ ಕೇಸು ಕೊಳ್ಳುವುದು 10 ಮಿ.ಮೀ. ಅಥವಾ .357ರಲ್ಲಿ ಪೂರ್ತಿ ಬಲ ತುಂಬುವವರಿಗೆ ಸಮಂಜಸ. 9 ಮಿ.ಮೀ.ಗೆ ಅದು ದುಂದು. ಹೆಕ್ಕಿದ್ದು ಪುಕ್ಕಟೆ ನಿಜ, ಆದರೆ ಯಾರು ಎಷ್ಟು ಸಲ ಏನು ತುಂಬಿದ್ದರೋ ಗೊತ್ತಿಲ್ಲ. ಅದನ್ನು ಹಗುರ ಮದ್ದಿನ 9 ಮಿ.ಮೀ. ಮತ್ತು .45ಕ್ಕೆ ಮಾತ್ರ ಬಳಸುತ್ತೇನೆ. ಕೆಲವು ಪಂದ್ಯಗಳಲ್ಲಿ ಬಿದ್ದ ಕೇಸನ್ನು ಹೆಕ್ಕುವಂತಿಲ್ಲ, ಲಾಸ್ಟ್ ಬ್ರಾಸ್ ಪಂದ್ಯ ಎನ್ನುತ್ತಾರೆ. ಕೊನೆಯ ಸುತ್ತಿಗೆ ಬಂದರೂ ಇನ್ನೂ ಎಲ್ಲ ಪರೀಕ್ಷೆಯಲ್ಲೂ ತೇರ್ಗಡೆಯಾಗುವ ಕೇಸುಗಳ ತಳಕ್ಕೆ ಕಪ್ಪು ಮಾರ್ಕರ್ ಎಳೆದು, ಅಂಥ ಪಂದ್ಯಕ್ಕೆಂದೇ ಎತ್ತಿಡುತ್ತೇನೆ.

ತೊಳೆಯುವಾಗ

ಹಿತ್ತಾಳೆಯನ್ನು ಬೇಗ ಮುದಿಯಾಗಿಸುವ ಇನ್ನೊಂದು ದಾರಿ ತಪ್ಪಾಗಿ ತೊಳೆಯುವುದು. ಇದರಲ್ಲಿ ನಮ್ಮ ದೇಶದ ಹೆಸರೂ ಬೆರೆತಿದೆ. ಬ್ರಿಟಿಷರ ಕಾಲದಲ್ಲಿ ಭಾರತದ ಸೈನ್ಯದ ತೋಟಾಗಳು ಹಾರಿಸುವ ಮೊದಲೇ, ಇಟ್ಟಲ್ಲಿಯೇ ಸೀಳುತ್ತಿದ್ದವು, ಅದೂ ಮಳೆಗಾಲ ಬಂದಾಗ. ಅದಕ್ಕೆ ಋತುವಿನ ಬಿರುಕು ಎಂದೇ ಹೆಸರಿಟ್ಟರು. ಮಳೆಗಾಲದಲ್ಲಿ ಅವನ್ನು ಇಡುತ್ತಿದ್ದುದು ಕುದುರೆ ಲಾಯಗಳಲ್ಲಿ. ಕುದುರೆಯ ಮೂತ್ರದಿಂದ ಏಳುವ ಅಮೋನಿಯಾ, ಲೋಹದೊಳಗೆ ಉಳಿದ ಬಿಗುವು, ಜೊತೆಗೆ ತೇವ ಸೇರಿ ಹಿತ್ತಾಳೆ ಬಿಡುತ್ತಿತ್ತು ಎಂದು ವಿವರಿಸಿದ್ದು 1921ರಲ್ಲಿ. ಹಿತ್ತಾಳೆ ಬೆಳಗುವ ಹಲವು ದ್ರಾವಣಗಳಲ್ಲಿ ಅದೇ ಅಮೋನಿಯಾ ಇರುತ್ತದೆ. ದೇವರ ದೀಪಕ್ಕೆ ಅದು ಸರಿ, ತೋಟಾಕ್ಕೆ ಸಲ್ಲದು. ಹುಣಸೆಹಣ್ಣಿನ ಹುಳಿಯೂ ವಿನಿಗರೂ ಹೊಳಪು ಕೊಡುತ್ತವೆ ನಿಜ, ಆದರೆ ಹುಳಿಯಲ್ಲಿ ಹೆಚ್ಚು ಹೊತ್ತು ನೆನೆದ ಹಿತ್ತಾಳೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ: ಸತು ಕರಗಿ ಹೋಗಿ ಮೇಲ್ಮೈಯಲ್ಲಿ ತಾಮ್ರ ಉಳಿದಿದೆ ಎಂದರ್ಥ. ಪಾತ್ರೆ ತೊಳೆಯುವ ಸೋಪು, ನೀರು, ಉಕ್ಕಿನ ಸೂಜಿಗಳು ಇರುವ ಡ್ರಮ್ಮು ಸಾಕು. ಒಣ ಜೋಳದ ದಿಂಡಿನ ಪುಡಿಯಲ್ಲಿ ತಿರುಗಿಸುವುದಾದರೆ ಆ ಧೂಳಿನಲ್ಲಿ ಪ್ರೈಮರಿನ ಸೀಸ ಇರುತ್ತದೆ, ಮುಚ್ಚಳವನ್ನು ಮನೆಯ ಹೊರಗೆ ತೆಗೆಯಿರಿ, ಕೈ ತೊಳೆಯದೆ ಮಕ್ಕಳನ್ನು ಮುಟ್ಟಬೇಡಿ. ಜರಡಿ, ಬೋಗುಣಿ ಅಡುಗೆಮನೆಗೆ ಮರಳಬಾರದು.

ತೊಳೆದ ಮೇಲೆ ನೋಡುವುದು ಸುಲಭ, ಮಸಿಯಡಿ ಅಡಗಿದ್ದ ಬಿರುಕು ಹೊರಬೀಳುತ್ತದೆ. ಮೊದಲು ಕುಲುಕುವುದು, ಆಮೇಲೆ ಬಾಯಿಯ ಸುತ್ತ ಉಗುರು ಆಡಿಸುವುದು, ನಂತರ ಬುಡ ಮತ್ತು ಪ್ರೈಮರಿನ ಸುತ್ತ ಕಪ್ಪು ಸೋರಿಕೆಯ ಗುರುತು. ಮರುತುಂಬಿದ ತೋಟಾವನ್ನು ನಳಿಗೆ ಬಿಚ್ಚಿ ಚೇಂಬರಿಗೆ ಹಾಕಿ ನೋಡುವುದು ಕೊನೆಯದು: ಟಕ್ ಎಂದು ಬೀಳಬೇಕು, ಬೋರಲು ಹಾಕಿದರೆ ತಾನೇ ಹೊರಬರಬೇಕು. ಕೈಯಿಂದ ಒತ್ತಬೇಕಾಗಿ ಬಂದದ್ದು ಪಿಸ್ತೂಲಿಗೆ ಹೋಗಬಾರದು.

ತಿರಸ್ಕರಿಸಿದ ಕೇಸನ್ನು ಮೇಜಿನ ಮೇಲೆ ಹಾಗೆಯೇ ಬಿಡಬೇಡಿ. ರಾತ್ರಿ ಹನ್ನೊಂದಕ್ಕೆ ಕಣ್ಣು ಎಳೆಯುವಾಗ ಅದು ಒಳ್ಳೆಯದರ ರಾಶಿಗೆ ಮರಳಿ ಸೇರಿಕೊಳ್ಳುತ್ತದೆ, ನನಗೆ ಎರಡು ಸಲ ಆಗಿದೆ. ಈಗ ಇಕ್ಕಳದಿಂದ ಬಾಯಿಯನ್ನು ಚಪ್ಪಟೆ ಮಾಡಿ, ಹಳೆಯ ಕಾಫಿ ಡಬ್ಬಕ್ಕೆ ಎಸೆಯುತ್ತೇನೆ. ಡಬ್ಬ ತುಂಬಿದಾಗ, ಹಾರದ ಪ್ರೈಮರ್ ಒಂದೂ ಉಳಿದಿಲ್ಲ ಎಂದು ಮತ್ತೊಮ್ಮೆ ನೋಡಿ ಗುಜರಿಗೆ ಕೊಡುತ್ತೇನೆ. ಅವರು ಹಿತ್ತಾಳೆಯನ್ನು ತೂಕದ ಮೇಲೆ ಕೊಳ್ಳುತ್ತಾರೆ, ಬಂದ ದುಡ್ಡು ಸಾಮಾನ್ಯವಾಗಿ ಒಂದು ಡಬ್ಬಿ ಪ್ರೈಮರಿಗೂ ಸಾಲುವುದಿಲ್ಲ.